ಪಿಎಚ್ ಕಮ್ಮಿ ಬಂದಿದೆ, ಯಾವ ಗೊಬ್ಬರ ಹಾಕಬೇಕು?

ಪ್ರಶ್ನೆ: ನಮ್ಮದು ಮೂಡಿಗೆರೆ ಕಡೆ ಕಾಫಿ ತೋಟ. ಮಣ್ಣು ಪರೀಕ್ಷೆ ಮಾಡಿಸಿದ್ವಿ, ಪಿಎಚ್ 5 ಬಂದಿದೆ. 6ರ ಮೇಲೆ ಇರಬೇಕಂತೆ. ಬರೀ ಒಂದು ಪಾಯಿಂಟ್ ಕಮ್ಮಿ. ಅದು ಜಾಸ್ತಿ ಆಗೋಕೆ ಯಾವ ಗೊಬ್ಬರ ಹಾಕಬೇಕು?

ಉತ್ತರ: ಯಾವ ಗೊಬ್ಬರವೂ ಬೇಡ. ನಿಮ್ಮ ಮಣ್ಣು ಕೇಳುತ್ತಿರುವುದು ಸುಣ್ಣ.

ಇದೇ ಪ್ರಶ್ನೆ ಸಕಲೇಶಪುರದಿಂದ, ಆಲೂರಿನಿಂದ, ಕೊಪ್ಪದಿಂದ ಪ್ರತಿ ವರ್ಷ ಬರುತ್ತದೆ. ಉತ್ತರವೂ ಪ್ರತಿ ವರ್ಷ ಇದೇ. ಆದರೂ ಪ್ರಶ್ನೆ ನಿಲ್ಲುತ್ತಿಲ್ಲ. ತೊಡಕಿರುವುದು ‘ಕಮ್ಮಿ’ ಎಂಬ ಮಾತಿನಲ್ಲಿ. ವರದಿಯಲ್ಲಿ ರಂಜಕ ಕಮ್ಮಿ, ಪೊಟ್ಯಾಷ್ ಮಧ್ಯಮ ಎಂದು ಸಾಲಾಗಿ ಬರೆದಿರುತ್ತಾರೆ. ಅದೇ ಹಾಳೆಯಲ್ಲಿ ಪಿಎಚ್ 5 ಎಂದು ಕಂಡ ಕೂಡಲೇ ಅದನ್ನೂ ಸತ್ವದ ಲೆಕ್ಕಕ್ಕೆ ಸೇರಿಸಿಬಿಡುತ್ತೇವೆ. ಪರೀಕ್ಷೆಯಲ್ಲಿ ಅಂಕ ಕಮ್ಮಿ ಬಂದ ಹಾಗೆ, ಇನ್ನಷ್ಟು ಹಾಕಿದರೆ ಏರುತ್ತದೆ ಎಂದುಕೊಳ್ಳುತ್ತೇವೆ.

ಪಿಎಚ್ ಮಣ್ಣಿನ ಸತ್ವವನ್ನು ಅಳೆಯುವುದೇ ಇಲ್ಲ. ಅದು ಅಳೆಯುವುದು ಹುಳಿಯನ್ನು, ಅಂದರೆ ಆಮ್ಲೀಯತೆಯನ್ನು. ಅದೂ ತಿರುವುಮುರುವಾಗಿ: ಸಂಖ್ಯೆ ಇಳಿದಷ್ಟೂ ಹುಳಿ ಏರುತ್ತದೆ. 1909ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಸೋರೆನ್‌ಸೆನ್ ಎಂಬ ರಸಾಯನಶಾಸ್ತ್ರಜ್ಞರು ಈ ಅಳತೆಯನ್ನು ಹೀಗೆ ರೂಪಿಸಿದ್ದು ಸೊನ್ನೆಗಳ ಕಾಟ ತಪ್ಪಿಸಲು. ನಮ್ಮ ಎಣಿಕೆಯಲ್ಲಿ ಇದು ಬಲು ಸುಲಭ. ಹುಳಿಗೆ ಕಾರಣ ಹೈಡ್ರೋಜನ್ ಅಯಾನು. ಪಿಎಚ್ 5 ಎಂದರೆ ಒಂದು ಲೀಟರ್ ನೀರಿನಲ್ಲಿ ಅದು ಸುಮಾರು ಒಂದು ಗ್ರಾಮಿನ ಲಕ್ಷದಲ್ಲೊಂದು ಪಾಲು ಇದೆ ಎಂದರ್ಥ. 6 ಎಂದರೆ ಹತ್ತು ಲಕ್ಷದಲ್ಲೊಂದು. 7 ಎಂದರೆ ಕೋಟಿಯಲ್ಲೊಂದು. ಅಪ್ಪಟ ನೀರು ಇರುವುದು ಅಲ್ಲಿ, ಹುಳಿಯೂ ಅಲ್ಲ, ಕ್ಷಾರವೂ ಅಲ್ಲ. ಲಕ್ಷಕ್ಕೆ ಐದು ಸೊನ್ನೆ, ಹತ್ತು ಲಕ್ಷಕ್ಕೆ ಆರು, ಕೋಟಿಗೆ ಏಳು. ಆ ಸೊನ್ನೆಗಳ ಸಂಖ್ಯೆಯೇ ಪಿಎಚ್. ಹಾಗಾಗಿ 6ಕ್ಕೂ 5ಕ್ಕೂ ಇರುವುದು ‘ಬರೀ ಒಂದು ಪಾಯಿಂಟ್’ ಅಲ್ಲ, ಹತ್ತು ಪಟ್ಟು. 4ಕ್ಕೆ ಇಳಿದರೆ ನೂರು ಪಟ್ಟು.

ಪಿಎಚ್ ಏರಿಸುತ್ತೇವೆಂದು ಯೂರಿಯಾ, ಅಮೋನಿಯಂ ಸಲ್ಫೇಟ್ ಸುರಿದರೆ ಏನಾಗುತ್ತದೆ ಎಂಬುದನ್ನು ದಯವಿಟ್ಟು ಗಮನವಿಟ್ಟು ಓದಿ. ಈ ಗೊಬ್ಬರಗಳ ಸಾರಜನಕ ಅಮೋನಿಯಂ ರೂಪದಲ್ಲಿರುತ್ತದೆ ಅಥವಾ ಮಣ್ಣಿಗೆ ಬಿದ್ದ ಮೇಲೆ ಆ ರೂಪಕ್ಕೆ ಬರುತ್ತದೆ. ಮಣ್ಣಿನ ಬ್ಯಾಕ್ಟೀರಿಯಾ ಅದನ್ನು ನೈಟ್ರೇಟ್ ಮಾಡುವಾಗ ಹೈಡ್ರೋಜನ್ ಅಯಾನು ಹೊರಬೀಳುತ್ತದೆ. ಅಂದರೆ ನೀವೇ ದುಡ್ಡು ಕೊಟ್ಟು ಹುಳಿ ತಂದು ಸುರಿದ ಹಾಗಾಯಿತು. ಲೆಕ್ಕ ಹೀಗಿದೆ: 100 ಕಿಲೋ ಅಮೋನಿಯಂ ಸಲ್ಫೇಟ್ ಹುಟ್ಟಿಸುವ ಹುಳಿಯನ್ನು ತಣಿಸಲು ಸುಮಾರು 110 ಕಿಲೋ ಸುಣ್ಣಕಲ್ಲಿನ ಪುಡಿ ಬೇಕು. 100 ಕಿಲೋ ಯೂರಿಯಾಕ್ಕೆ ಸುಮಾರು 80 ಕಿಲೋ. 45 ಕಿಲೋದ ಒಂದು ಯೂರಿಯಾ ಚೀಲದ ಬೆನ್ನಿಗೆ 36 ಕಿಲೋ ಸುಣ್ಣದ ಸಾಲ ಇದ್ದೇ ಇರುತ್ತದೆ. ಗೊಬ್ಬರ ಹಾಕಬೇಡಿ ಎಂದು ಹೇಳುತ್ತಿಲ್ಲ. ಗಿಡಕ್ಕೆ ಸಾರಜನಕ ಬೇಕೇ ಬೇಕು. ಆದರೆ ಪಿಎಚ್ ರಿಪೇರಿಗೆ ಅದನ್ನು ಹಾಕುವುದು ತಪ್ಪು.

ಮಲೆನಾಡಿನ ಮಣ್ಣು ಹುಳಿಯಾಗಲು ಮಳೆಯದೂ ದೊಡ್ಡ ಪಾಲಿದೆ. ವರ್ಷಕ್ಕೆ 2000 ಮಿಲಿಮೀಟರ್ ದಾಟಿ ಸುರಿಯುವ ಕಡೆ ಕ್ಯಾಲ್ಸಿಯಂ, ಮೆಗ್ನೀಸಿಯಂ ತೊಳೆದುಹೋಗುತ್ತವೆ, ಆ ಜಾಗಕ್ಕೆ ಹೈಡ್ರೋಜನ್, ಅಲ್ಯೂಮಿನಿಯಂ ಬಂದು ಕೂರುತ್ತವೆ. ಪಿಎಚ್ 5.5ಕ್ಕಿಂತ ಕೆಳಗೆ ಹೋದಂತೆ ಅಲ್ಯೂಮಿನಿಯಂ ಕರಗತೊಡಗುತ್ತದೆ. ಅಂಥ ತೋಟದಲ್ಲಿ ಒಂದು ಗಿಡದ ಬುಡ ಕೆದಕಿ ನೋಡಿ: ಬೇರಿನ ತುದಿ ಮೊಂಡಾಗಿ, ದಪ್ಪಗೆ, ಕವಲಿಲ್ಲದೆ ನಿಂತಿರುತ್ತದೆ. ಹಾಕಿದ ರಂಜಕವನ್ನು ಕಬ್ಬಿಣ, ಅಲ್ಯೂಮಿನಿಯಂ ಹಿಡಿದಿಟ್ಟುಕೊಳ್ಳುತ್ತವೆ. ಗೊಬ್ಬರ ಮಣ್ಣಿನಲ್ಲಿದೆ, ಗಿಡಕ್ಕೆ ಸಿಗುವುದಿಲ್ಲ. ‘ಎಷ್ಟು ಹಾಕಿದ್ರೂ ತೋಟ ಏಳ್ತಿಲ್ಲ’ ಎನ್ನುವ ಕಡೆ ಮೊದಲು ನೋಡಬೇಕಾದ್ದು ಇದನ್ನೇ.

ಹಾಗಂತ ಇದೇ ಜಿಲ್ಲೆಗಳ ಅರಸೀಕೆರೆ, ಕಡೂರಿನವರು ಈ ಮಾತು ಕೇಳಿ ತೆಂಗಿನ ಬುಡಕ್ಕೆ ಸುಣ್ಣ ಹಾಕಬೇಡಿ. ಬಯಲುಸೀಮೆಯಲ್ಲಿ ಮಳೆ ಕಮ್ಮಿ, ಬಹಳ ಕಡೆ ಪಿಎಚ್ 7.5 ದಾಟಿರುತ್ತದೆ. ಅಲ್ಲಿ ಸುಣ್ಣ ಬಿದ್ದರೆ ಸತು, ಕಬ್ಬಿಣ ಸಿಗದೆ ಗರಿ ಹಳದಿಯಾಗುತ್ತದೆ. ಹಾಸನದ ಆಲೂಗಡ್ಡೆ ಹೊಲಕ್ಕೂ ಕಣ್ಣುಮುಚ್ಚಿ ಸುಣ್ಣ ಹಾಕುವಂತಿಲ್ಲ, ಪಿಎಚ್ ಏರಿದರೆ ಗೆಡ್ಡೆಯ ಸಿಪ್ಪೆಗೆ ಕಜ್ಜಿ ರೋಗ ಹೆಚ್ಚುತ್ತದೆ.

ಇನ್ನು ‘ಎಷ್ಟು?’ ಇದಕ್ಕೆ ಪಿಎಚ್ ಒಂದನ್ನೇ ನೋಡಿ ಯಾರೂ ಹೇಳಲಾಗದು. ಮರಳು ಮಿಶ್ರಿತ ಮಣ್ಣಿಗೂ ಜೇಡಿ, ಎಲೆಗೊಬ್ಬರ ತುಂಬಿದ ಮಣ್ಣಿಗೂ ಪಿಎಚ್ 5 ಬರಬಹುದು. ಎರಡನೆಯದು ತನ್ನೊಳಗೆ ಹೆಚ್ಚು ಹುಳಿ ಬಚ್ಚಿಟ್ಟುಕೊಂಡಿರುತ್ತದೆ, ಸುಣ್ಣವೂ ಹೆಚ್ಚು ಕುಡಿಯುತ್ತದೆ. ಅದಕ್ಕೇ ಸುಣ್ಣದ ಪ್ರಮಾಣಕ್ಕೆ ಬೇರೆಯೇ ಪರೀಕ್ಷೆ ಇದೆ. ಮಾದರಿ ಕೊಡುವಾಗಲೇ ಕೇಳಿ ಮಾಡಿಸಿಕೊಳ್ಳಿ. ಪಕ್ಕದ ತೋಟದವರ ಲೆಕ್ಕ ನಿಮಗೆ ಹೊಂದುವುದಿಲ್ಲ.

ಮಾದರಿ ಸರಿಯಿಲ್ಲದಿದ್ದರೆ ಇದೆಲ್ಲ ವ್ಯರ್ಥ. ಗೊಬ್ಬರ, ಸುಣ್ಣ ಹಾಕಿ ಎರಡು ಮೂರು ತಿಂಗಳಾದರೂ ಆಗಿರಬೇಕು. ಮೇಲಿನ ಎಲೆ, ಕಸ ಸರಿಸಿ, 9 ಇಂಚು ಆಳಕ್ಕೆ ‘ವಿ’ ಆಕಾರದಲ್ಲಿ ಗುಂಡಿ ತೆಗೆದು, ಅದರ ಗೋಡೆಯಿಂದ ಮೇಲಿಂದ ಕೆಳಗಿನವರೆಗೆ ಒಂದೇ ಸಮನೆ ಮಣ್ಣು ಕೆರೆದುಕೊಳ್ಳಿ. ಒಂದು ಬ್ಲಾಕಿನಲ್ಲಿ ಹತ್ತು ಹದಿನೈದು ಕಡೆ ಹೀಗೆ ತೆಗೆದು, ಬೆರೆಸಿ, ನೆರಳಲ್ಲಿ ಒಣಗಿಸಿ ಅರ್ಧ ಕಿಲೋ ಕೊಡಿ. ಖಾಲಿ ಗೊಬ್ಬರದ ಚೀಲದಲ್ಲಿ ಮಾತ್ರ ತುಂಬಬೇಡಿ.

ಸುಣ್ಣದಲ್ಲೂ ಬಗೆಗಳಿವೆ. 100 ಕಿಲೋ ಸುಣ್ಣಕಲ್ಲಿನ ಪುಡಿ ಮಾಡುವ ಕೆಲಸವನ್ನು 74 ಕಿಲೋ ಅರಳಿದ ಸುಣ್ಣ ಮಾಡುತ್ತದೆ, ಸುಟ್ಟ ಸುಣ್ಣವಾದರೆ 56 ಕಿಲೋ ಸಾಕು. ಆದರೆ ಸುಟ್ಟ ಸುಣ್ಣ ಕೈಯನ್ನೂ ಬೇರನ್ನೂ ಸುಡುತ್ತದೆ. ಮೆಗ್ನೀಸಿಯಂ ಕೊರತೆಯೂ ಇದ್ದರೆ ಡಾಲೊಮೈಟ್, ಅಂದರೆ ಮೆಗ್ನೀಸಿಯಂ ಇರುವ ಸುಣ್ಣಕಲ್ಲು, ಒಳ್ಳೆಯದು. ಪುಡಿ ಹಿಟ್ಟಿನಷ್ಟು ನುಣ್ಣಗಿರಲಿ. ಮಳೆಗಾಲ ಮುಗಿದು ನೆಲದಲ್ಲಿ ಇನ್ನೂ ತೇವ ಇರುವಾಗ ಸಾಲಿನ ನಡುವೆಯೆಲ್ಲ ಎರಚಿ, ಮೇಲ್ಮಣ್ಣಿಗೆ ಕೆದಕಿ ಸೇರಿಸಿ. ಬುಡಕ್ಕೆ ರಾಶಿ ಹಾಕಬೇಡಿ. ಯೂರಿಯಾ, ಅಮೋನಿಯಂ ಗೊಬ್ಬರದ ಜೊತೆ ಬೆರೆಸಲೇಬೇಡಿ. ಬೆರೆಸಿದಾಗ ಮೂಗಿಗೆ ಅಡರುವ ಆ ಘಾಟು ನಿಮ್ಮ ಸಾರಜನಕ ಗಾಳಿಗೆ ಹೋಗುವ ವಾಸನೆ. ರಂಜಕದ ಗೊಬ್ಬರವಾದ ರಾಕ್ ಫಾಸ್ಫೇಟಿಗೂ ಅಂತರ ಕೊಡಿ, ಅದು ಕರಗಲು ಹುಳಿಯೇ ಬೇಕು. ಸುಣ್ಣ ಕೆಲಸ ಮಾಡಲು ತಿಂಗಳುಗಳೇ ಬೇಕು, ಹದಿನೈದು ದಿನಕ್ಕೆ ಮತ್ತೆ ಪರೀಕ್ಷೆಗೆ ಓಡಬೇಡಿ.

ಅರಿಶಿನದ ನೀರಿನಲ್ಲಿ ಮನೆಯಲ್ಲೇ ಪಿಎಚ್ ನೋಡಬಹುದೇ ಎಂದೂ ಕೆಲವರು ಕೇಳುತ್ತಾರೆ. ಆರತಿಯ ಓಕುಳಿ ಕೆಂಪಾಗುವುದು ಸುಣ್ಣದ ಕ್ಷಾರದಿಂದ ನಿಜ. ಆದರೆ ಅರಿಶಿನ ಬಣ್ಣ ಬದಲಿಸುವುದು ಪಿಎಚ್ 7 ದಾಟಿದ ಮೇಲೆ. 5ಕ್ಕೂ 6ಕ್ಕೂ ಅದು ಒಂದೇ ಹಳದಿ.

ಇಷ್ಟು ಹೇಳಿದ ಮೇಲೆ, ಯಾರೂ ಕೇಳದಿದ್ದರೂ ಅಡಿಕೆಯವರಿಗೆ ಒಂದು ಮಾತು. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲೂ ಇದೇ ಪಿಎಚ್ ಇದೆ. ನೂರು ವರ್ಷಕ್ಕೂ ಹಿಂದೆ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅದನ್ನು ಅಡಿಕೆ ತೋಟಕ್ಕೆ ತಂದರು. ಅಳತೆ ಎಲ್ಲರಿಗೂ ಬಾಯಿಪಾಠ: ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಆದರೆ ಹಳೆಯ ಸುಣ್ಣ ಗಾಳಿಗೆ ಸತ್ವ ಕಳೆದುಕೊಂಡಿದ್ದರೆ ಒಂದು ಕಿಲೋ ಸಾಲದು. ದ್ರಾವಣ ಹುಳಿಯಾಗಿ ಉಳಿಯುತ್ತದೆ, ಕರಗಿದ ತಾಮ್ರ ಎಲೆಯನ್ನೂ ಎಳೆ ಕಾಯನ್ನೂ ಸುಡುತ್ತದೆ. ಎರಡನ್ನೂ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಬೇರೆ ಬೇರೆ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತಾ ಸುರಿಯಿರಿ. ಆಮೇಲೆ ತಿಕ್ಕಿ ಹೊಳಪು ಮಾಡಿದ ಕತ್ತಿಯ ಅಲಗನ್ನು ಒಂದೆರಡು ನಿಮಿಷ ಅದ್ದಿ ತೆಗೆಯಿರಿ. ಅಲಗಿನ ಮೇಲೆ ತುಕ್ಕಿನಂಥ ಕೆಂಪು ಕೂತಿದ್ದರೆ ಅದು ತಾಮ್ರ. ಇನ್ನಷ್ಟು ಸುಣ್ಣದ ತಿಳಿ ಸೇರಿಸಿ, ಕಲಕಿ, ಅಲಗು ತಿಕ್ಕಿ ಮತ್ತೆ ಅದ್ದಿ. ಅಲಗು ಬೆಳ್ಳಗೇ ಬಂದ ಮೇಲೆ ಸಿಂಪಡಿಸುವ ಪಂಪಿಗೆ ತುಂಬಿ, ಅದೇ ದಿನ ಹೊಡೆದು ಮುಗಿಸಿ.