ಮಾವಿನ ಬುಡಕ್ಕೆ ಕಟ್ಟೆ ಬೇಡ

ಮನೆ ಕಟ್ಟಿಸುವಾಗ ಅಂಗಳದ ಹಳೇ ಮರ ಉಳಿಸಿಕೊಂಡವರನ್ನು ಕಂಡರೆ ನನಗೆ ತುಂಬಾ ಖುಷಿ. ಆದರೆ ಗಾರ್ಡನ್ ಮಾಡಿಸಲು ಕರೆದಾಗ ಅವರು ಮೊದಲು ಕೇಳುವುದು ಇದನ್ನೇ: "ಬುಡದ ಸುತ್ತ ಒಂದು ದುಂಡು ಕಟ್ಟೆ ಕಟ್ಟಿ, ಕೆಂಪು ಮಣ್ಣು ತುಂಬಿ, ಹೂಗಿಡ ಹಾಕಿಬಿಡಿ."

ಮೈಸೂರಿನ ಒಂದು ಮನೆಯಲ್ಲಿ ಹಾಗೇ ಮಾಡಿಸಿದ್ದರು. ದೊಡ್ಡ ಮಾವಿನ ಮರ, ಬುಡಕ್ಕೆ 2 ಅಡಿ ಮಣ್ಣು, ದಿನಾ ನೀರು. ಮೂರನೇ ವರ್ಷ ತುದಿಕೊಂಬೆಗಳು ಒಣಗತೊಡಗಿದಾಗ ನನ್ನನ್ನು ಕರೆದರು. ಕೈಯಲ್ಲೇ ಮಣ್ಣು ಬಗೆದೆ. ಒಂದಡಿ ಕೆಳಗೆ ತೊಗಟೆ ಕಪ್ಪಾಗಿತ್ತು. ಮುಟ್ಟಿದರೆ ನೆನೆದ ರಟ್ಟಿನ ಹಾಗೆ ಬೆರಳಿಗೇ ಕಿತ್ತು ಬಂತು. ಹುಳಿ ವಾಸನೆ.

ಮರದ ಬುಡ ನೆಲ ಸೇರುವ ಜಾಗದಲ್ಲಿ ಆನೆಕಾಲಿನ ಹಾಗೆ ಅಗಲವಾಗುತ್ತದೆ. ಆ ಅಗಲ ಸದಾ ಕಣ್ಣಿಗೆ ಕಾಣುತ್ತಿರಬೇಕು. ಕಾಂಡದ ತೊಗಟೆ ಗಾಳಿಗೆ ಒಗ್ಗಿದ್ದು, ಹಸಿ ಮಣ್ಣು ತಾಗಿಕೊಂಡೇ ಇದ್ದರೆ ಕೊಳೆಯುತ್ತದೆ. ನೀರು, ಗೊಬ್ಬರ ಹೀರುವ ಬೇರುಗಳೂ ಹೆಚ್ಚಾಗಿ ಮೇಲಿನ ಒಂದೂವರೆ ಅಡಿಯಲ್ಲೇ ಇರುತ್ತವೆ. ಅವಕ್ಕೂ ಗಾಳಿ ಬೇಕು. "ಅರಳಿಕಟ್ಟೆ ಇದೆಯಲ್ಲ, ಅದಕ್ಕೇನೂ ಆಗಲ್ಲ ಅಲ್ವಾ?" ಎಂದು ಕೇಳುತ್ತಾರೆ. ಅರಳಿ, ಆಲ ಕಾಂಡದಿಂದಲೂ ಹೊಸ ಬೇರು ಬಿಡುವ ಮರಗಳು, ಹೇಗೋ ಸಂಭಾಳಿಸುತ್ತವೆ. ಮಾವಿಗೆ ಆ ಶಕ್ತಿ ಇಲ್ಲ.

ಕೆಲಸ ಶುರು ಮಾಡುವ ಮೊದಲು ಟೇಪ್ ಹಿಡಿಯಿರಿ. ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ ಕಾಂಡದ ಸುತ್ತಳತೆ ತೆಗೆದು 3.14ರಿಂದ ಭಾಗಿಸಿ. ಎಷ್ಟು ಇಂಚು ಬರುತ್ತದೋ, ಕಾಂಡದಿಂದ ಅಷ್ಟು ಅಡಿ ದೂರ ಹಗ್ಗ ಕಟ್ಟಿ. ಸುತ್ತಳತೆ 63 ಇಂಚಾದರೆ ಹೆಚ್ಚುಕಮ್ಮಿ 20 ಅಡಿ. ಬೇರು ಇನ್ನೂ ಆಚೆಗೂ ಹೋಗಿರುತ್ತದೆ, ಆದರೆ ಇಷ್ಟಾದರೂ ಬಿಡಲೇಬೇಕು. ಹಗ್ಗದ ಒಳಗೆ ಜೆಸಿಬಿ ಬರಬಾರದು, ಜಲ್ಲಿ, ಸಿಮೆಂಟ್ ರಾಶಿ ಹಾಕಬಾರದು. ಮಣ್ಣು ಒಂದು ಸಲ ಗಟ್ಟಿಯಾದರೆ ಮತ್ತೆ ಸಡಿಲ ಮಾಡುವುದು ಬಹಳ ಕಷ್ಟ. ಪೈಪ್ ಅಲ್ಲೇ ಹೋಗಬೇಕು ಅಂದರೆ ಕೈಯಲ್ಲೇ ಅಗೆಸಿ, ಹೆಬ್ಬೆರಳಿಗಿಂತ ದಪ್ಪ ಬೇರು ಸಿಕ್ಕರೆ ಕಡಿಯದೆ ಅದರ ಕೆಳಗೆ ಪೈಪ್ ತೂರಿಸಿ.

ಮರದಡಿ ಲಾನ್ ನಾನು ಹಾಕುವುದಿಲ್ಲ. ಹುಲ್ಲಿಗೆ ಪದೇಪದೇ ನೀರು ಬೇಕು, ಹಳೇ ಮಾವಿಗೆ ಬೇಡ. ಒಣಗಿದ ಎಲೆ 2-3 ಇಂಚು ಹರಡಿ, ಕಾಂಡದ ಸುತ್ತ ಗೇಣಗಲ ಖಾಲಿ ಬಿಡುತ್ತೇನೆ. ಗಿಡ ಬೇಕೇಬೇಕು ಅಂದರೆ ಚಿಕ್ಕ ಪ್ಯಾಕೆಟ್ ಸಸಿ, ಬೇರುಗಳ ನಡುವೆ ಜಾಗ ನೋಡಿಕೊಂಡು.

ಮೈಸೂರಿನ ಆ ಮರದ ಬುಡದಿಂದ ಎರಡು ದಿನ ಮಣ್ಣು ತೆಗೆದೆವು. ಒಂದು ಪಕ್ಕದ ತೊಗಟೆ ಇನ್ನೂ ಹಸಿರಾಗಿತ್ತು. ಮರುವರ್ಷ ಆ ಕಡೆಯ ಕೊಂಬೆಗಳಲ್ಲಿ ಚಿಗುರು ಬಂತು. ಇನ್ನೊಂದು ಕಡೆ ಬರಲೇ ಇಲ್ಲ.