ತುಡಿತ ಬಂದಾಗ ಅದರ ಜೊತೆ ಜಗಳ ಬೇಡ

ಸಿಗರೇಟ್ ಬಿಟ್ಟು ವಾರ ಆಗಿರುತ್ತದೆ. ಬೆಳಗಿನಿಂದ ಅದರ ನೆನಪೂ ಇರುವುದಿಲ್ಲ. ಸಂಜೆ ಟೀ ಅಂಗಡಿ ಮುಂದೆ ನಿಂತು ಗ್ಲಾಸ್ ಕೈಗೆ ತೆಗೆದುಕೊಂಡರೆ ಸಾಕು, ಬಾಯಿ ಒಣಗುತ್ತದೆ, ಎದೆ ಬಿಗಿಯುತ್ತದೆ, ಬೆರಳು ತಾನಾಗಿ ಜೇಬು ತಡಕುತ್ತದೆ. ‘ಒಂದೇ ಒಂದು’ ಅನ್ನುತ್ತದೆ ಮನಸ್ಸು.

ಇದು ಮನಸ್ಸು ಗಟ್ಟಿ ಇಲ್ಲದವರ ಪಾಡು ಅಂತ ಸುಮ್ನೆ ಹೇಳಿಬಿಡುತ್ತೇವೆ. ಹಾಗಲ್ಲ. ವರ್ಷಗಟ್ಟಲೆ ಟೀ ಜೊತೆ ಸಿಗರೇಟ್ ಸೇದಿದ ಮಿದುಳು ಎರಡನ್ನೂ ಜೋಡಿಸಿಕೊಂಡಿರುತ್ತದೆ. ಟೀ ವಾಸನೆ ಬಂದರೂ ಸಾಕು, ಅದು ನಿಕೋಟಿನ್‌ಗಾಗಿ ಕಾಯಲು ಶುರುಮಾಡುತ್ತದೆ. ಆ ತುಡಿತವನ್ನು ಅದುಮಿಟ್ಟರೆ ಇನ್ನೂ ಕಷ್ಟ. 1987ರಲ್ಲಿ ಅಮೆರಿಕದ ಮನೋವಿಜ್ಞಾನಿ ಡೇನಿಯಲ್ ವೆಗ್ನರ್ ಕೆಲವರಿಗೆ ಬಿಳಿ ಕರಡಿಯನ್ನು ನೆನೆಯಬೇಡಿ, ನೆನಪಾದರೆ ಗಂಟೆ ಬಾರಿಸಿ ಎಂದರು. ಗಂಟೆ ಮತ್ತೆ ಮತ್ತೆ ಬಾರಿಸಿತು!

ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿದ್ದ ಮನೋವಿಜ್ಞಾನಿ ಅಲನ್ ಮಾರ್ಲಟ್ ಬೇರೆ ದಾರಿ ಹಿಡಿದರು. ತುಡಿತದ ಜೊತೆ ಇರುವುದನ್ನು ಅವರು ಸಮುದ್ರದಲ್ಲಿ ಹಲಗೆ ಮೇಲೆ ನಿಂತು ಅಲೆ ಸವಾರಿ ಮಾಡುವುದಕ್ಕೆ ಹೋಲಿಸಿದರು. ಸಿಗರೇಟ್ ಬಿಡಲು ಒದ್ದಾಡುತ್ತಿದ್ದವರೊಬ್ಬರಿಗೆ ಅವರು ಹೇಳಿದ್ದು ಇಷ್ಟೇ: ತುಡಿತವೂ ಅಲೆಯ ಹಾಗೆ, ಏರುತ್ತದೆ, ತುದಿ ಮುಟ್ಟುತ್ತದೆ, ಇಳಿಯುತ್ತದೆ. ಎದುರು ನಿಲ್ಲಬೇಡಿ, ಅದರ ಮೇಲೆ ತೇಲಿ.

ಮಾಡುವುದು ಹೇಗೆ? ತುಡಿತ ಬಂದ ಕೂಡಲೇ ಅದು ಮೈಯಲ್ಲಿ ಎಲ್ಲಿದೆ ಅಂತ ಹುಡುಕಬೇಕು. ಗಂಟಲಲ್ಲೋ, ಎದೆಯಲ್ಲೋ, ಹೊಟ್ಟೆಯಲ್ಲೋ? ಬಿಗಿತವೋ, ಬಿಸಿಯೋ? ಜಾಸ್ತಿ ಆಗ್ತಿದೆಯಾ? ಉಸಿರಿನ ಮೇಲೆ ಒಂದು ಕಣ್ಣಿಟ್ಟು ನೋಡುತ್ತಲೇ ಇರಬೇಕು. ‘ಇದು ಹೋಗಲಿ’ ಅಂತ ಕೂಡ ಬಯಸಬಾರದು. ನನ್ನ ಪ್ರಕಾರ ಕಷ್ಟದ್ದು ಇದೇ. ಆದ್ದರಿಂದ ಮೊದಲ ಅಭ್ಯಾಸ ಸಣ್ಣದರಿಂದ ಆಗಲಿ: ಸೊಳ್ಳೆ ಕಚ್ಚಿದಾಗ ಕೆರೆಯದೆ ಆ ನವೆಯನ್ನು ಗಮನಿಸಿ. ಅದು ತಾನಾಗಿ ಇಳಿಯುವುದನ್ನು ಒಮ್ಮೆ ಕಂಡವರಿಗೆ ಧೈರ್ಯ ಬರುತ್ತದೆ.

ಇದಕ್ಕೆ ಪುರಾವೆಯೂ ಇದೆ. 2011ರಲ್ಲಿ ಅಮೆರಿಕದ ಮನೋವೈದ್ಯ ಜಡ್ಸನ್ ಬ್ರೂವರ್ ತಂಡ ಸಿಗರೇಟ್ ಸೇದುವ 88 ಜನರನ್ನು ಎರಡು ಗುಂಪು ಮಾಡಿತು. ಒಂದಕ್ಕೆ ಮೈಂಡ್‌ಫುಲ್‌ನೆಸ್, ಅಂದರೆ ಹೀಗೆ ಜಗಳವಾಡದೆ ಗಮನಿಸುವ ಅಭ್ಯಾಸ; ಇನ್ನೊಂದಕ್ಕೆ ಸಿಗರೇಟ್ ಬಿಡಿಸಲು ಆಗಲೇ ಬಳಕೆಯಲ್ಲಿದ್ದ ತರಬೇತಿ. 17ನೇ ವಾರದಲ್ಲಿ ಮೊದಲ ಗುಂಪಿನ ಶೇ. 31 ಮಂದಿ ಸೇದುತ್ತಿರಲಿಲ್ಲ, ಇನ್ನೊಂದರಲ್ಲಿ ಶೇ. 6 ಮಂದಿ ಮಾತ್ರ. ಮನೆಯಲ್ಲೂ ಅಭ್ಯಾಸ ಮಾಡಿದವರಲ್ಲಿ ತುಡಿತಕ್ಕೂ ಸೇದುವುದಕ್ಕೂ ಇದ್ದ ನಂಟು ಸಡಿಲವಾಗಿತ್ತು. ಅಂದರೆ ಆಸೆ ಬರುತ್ತದೆ, ಆದರೆ ಕೈ ಪ್ಯಾಕೆಟ್‌ಗೆ ಹೋಗಲೇಬೇಕು ಅಂತಿಲ್ಲ. ನನಗೆ ಶೇಕಡಾವಾರು ಲೆಕ್ಕಕ್ಕಿಂತ ಇದೇ ದೊಡ್ಡದು ಅನ್ನಿಸುತ್ತದೆ.

ಕುಡಿತ, ಡ್ರಗ್ಸ್ ವಿಷಯದಲ್ಲಿ ಸಂಶೋಧಕಿ ಸಾರಾ ಬೋವೆನ್ ಮತ್ತು ಸಂಗಡಿಗರು 286 ಜನರ ಮೇಲೆ ನಡೆಸಿದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಆರು ತಿಂಗಳಾದಾಗ ಮೈಂಡ್‌ಫುಲ್‌ನೆಸ್ ಬೇರೆ ತರಬೇತಿಗಿಂತ ಮುಂದೇನೂ ಇರಲಿಲ್ಲ. ವರ್ಷ ತುಂಬುವಾಗ ಆ ಗುಂಪಿನವರು ಡ್ರಗ್ಸ್ ತೆಗೆದುಕೊಂಡ ದಿನಗಳೂ ಕಡಿಮೆ, ಮಿತಿಮೀರಿ ಕುಡಿದದ್ದೂ ಕಡಿಮೆ.

ಆದರೆ ಅವರೆಲ್ಲ ಮೊದಲ ಹಂತದ ಚಿಕಿತ್ಸೆ ಮುಗಿಸಿ ಬಂದವರು. ಇದನ್ನು ಮರೆಯಬಾರದು. ವರ್ಷಗಳಿಂದ ದಿನಾ ಜಾಸ್ತಿ ಕುಡಿಯುವವರು ಮನೆಯಲ್ಲೇ ಒಮ್ಮೆಲೇ ನಿಲ್ಲಿಸಿದರೆ ಕೈ ನಡುಕ, ಫಿಟ್ಸ್, ಭ್ರಮೆ ಬರಬಹುದು, ಜೀವಕ್ಕೂ ಅಪಾಯ. ಆ ದಿನಗಳಿಗೆ ವೈದ್ಯರು, ಔಷಧ ಬೇಕೇ ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಚಟಗಳ ಚಿಕಿತ್ಸೆಗೇ ಒಂದು ವಿಭಾಗವಿದೆ. ಉಸಿರು ಗಮನಿಸುವ ಅಭ್ಯಾಸ ಅದಾದ ಮೇಲೆ.