ಕಲ್ಲು ಹುಟ್ಟಿದ ಊರು ಬಿಲ್ಲಿನಲ್ಲಿರಲ್ಲ

ಬೆಂಗಳೂರು ಪಕ್ಕದ ಜಿಗಣಿಯ ಅಂಗಡಿಯಲ್ಲಿ ಇಟಲಿಯ ಮಾರ್ಬಲ್ ಕೊಂಡರೆ ಬಿಲ್ಲಿನ ಮೇಲೆ ಜಿಗಣಿಯ ವಿಳಾಸವೇ ಇರುತ್ತದೆ. ಸಾದರಹಳ್ಳಿಯ ಬೂದು ಕಲ್ಲು ಕೊಂಡರೂ ಅದೇ ವಿಳಾಸ. ಒಂದು ಹಡಗಿನಲ್ಲಿ ಬಂದದ್ದು, ಇನ್ನೊಂದು ದೇವನಹಳ್ಳಿ ಕಡೆಯದು. ಬಿಲ್ ನೋಡಿದರೆ ಎರಡೂ ಲೋಕಲ್! ಪರಿಸರಕ್ಕೆ ಕಡಿಮೆ ಹಾನಿ ಮಾಡುವ ‘ಹಸಿರು ಕಟ್ಟಡ’ ಎಂಬ ಸರ್ಟಿಫಿಕೇಟಿಗೆ ಬಿಲ್ ಒಂದೇ ಸಾಲದು ಅನ್ನುವುದು ಇದಕ್ಕೇ.

ಕಲ್ಲು, ಜಲ್ಲಿ, ಸಿಮೆಂಟ್ ಎಲ್ಲ ಭಾರದ ಸಾಮಾನು. ದೂರ ಹೆಚ್ಚಿದಷ್ಟೂ ಡೀಸೆಲ್ ಜಾಸ್ತಿ ಸುಡುತ್ತದೆ. ಅದಕ್ಕೇ ಹಸಿರು ಕಟ್ಟಡಗಳಿಗೆ ಸರ್ಟಿಫಿಕೇಟ್ ಕೊಡುವ, ಅಮೆರಿಕದಲ್ಲಿ ಹುಟ್ಟಿದ ‘ಲೀಡ್’ ಪದ್ಧತಿ ಹತ್ತಿರದ ಸಾಮಾನಿಗೆ ಅಂಕ ಕೊಡುತ್ತ ಬಂದಿದೆ. ಅದರ 2009ರ ನಿಯಮದಲ್ಲಿ ಕಚ್ಚಾವಸ್ತು ಅಗೆದ ಜಾಗವೂ ಸಾಮಾನು ತಯಾರಾದ ಜಾಗವೂ ಸೈಟಿನಿಂದ 500 ಮೈಲಿ, ಅಂದರೆ ಸುಮಾರು 800 ಕಿ.ಮೀ. ಒಳಗಿರಬೇಕಿತ್ತು. 2013ರ ನಾಲ್ಕನೇ ಆವೃತ್ತಿ ಇದನ್ನು 160 ಕಿ.ಮೀ.ಗೆ ಇಳಿಸಿತು, ಕೊಂಡ ಜಾಗವನ್ನೂ ಸೇರಿಸಿತು. ರಸ್ತೆಯ ಅಳತೆ ಅಲ್ಲ, ಭೂಪಟದ ಮೇಲಿನ ನೇರ ಗೆರೆ. ಕಲಬುರಗಿ ಜಿಲ್ಲೆಯ ವಾಡಿಯಿಂದ ಬೆಂಗಳೂರಿಗೆ ಆ ಗೆರೆ ಸುಮಾರು 450 ಕಿ.ಮೀ. ಅಲ್ಲಿನ ಸಿಮೆಂಟ್ 2009ರ ನಿಯಮದಲ್ಲಿ ಹತ್ತಿರದ್ದು, 2013ರದರಲ್ಲಿ ದೂರದ್ದು.

ಕಾಂಕ್ರೀಟಿನಂಥ, ಹಲವು ವಸ್ತು ಬೆರೆತ ಸಾಮಾನಿಗೆ ಏನು ಮಾಡುವುದು? 2009ರ ನಿಯಮ ತೂಕದ ಪಾಲು ನೋಡುತ್ತಿತ್ತು. ಒಂದು ಘನ ಮೀಟರ್ ಕಾಂಕ್ರೀಟ್ ಸುಮಾರು 2,400 ಕೆ.ಜಿ. ಅದರಲ್ಲಿ 350 ಕೆ.ಜಿ. ಸಿಮೆಂಟ್ 800 ಕಿ.ಮೀ. ಆಚೆಯದು, ಉಳಿದದ್ದೆಲ್ಲ ಹತ್ತಿರದ್ದು ಎಂದುಕೊಳ್ಳಿ. ಶೇಕಡಾ 85ರಷ್ಟು ಹತ್ತಿರದ್ದಾಯಿತು. ನೀವು 5,000 ರೂಪಾಯಿ ಕೊಟ್ಟಿದ್ದರೆ ಸುಮಾರು 4,270 ರೂಪಾಯಿ ಲೆಕ್ಕಕ್ಕೆ ಬರುತ್ತಿತ್ತು. ಸುಮ್ನೆ ‘ಕಾಂಕ್ರೀಟ್ ಲೋಕಲ್’ ಎಂದು ಬರೆದರೆ ಆಗಲ್ಲ.

ದೂರ ಒಂದರಿಂದಲೇ ಎಲ್ಲ ತಿಳಿಯುವುದಿಲ್ಲ ಅನ್ನುವುದೂ ನಿಜ. ಸಿಮೆಂಟಿಗಾಗಿ ಶುದ್ಧ ಸುಣ್ಣಕಲ್ಲು 100 ಕೆ.ಜಿ. ಸುಟ್ಟರೆ 44 ಕೆ.ಜಿ. ಇಂಗಾಲದ ಡೈಆಕ್ಸೈಡ್ ಗಾಳಿಗೆ ಹೋಗುತ್ತದೆ. ಕಾರ್ಖಾನೆ ಪಕ್ಕದಲ್ಲೇ ಇದ್ದರೂ ಅಷ್ಟೇ.

ಕಲ್ಲಿನೊಳಗೂ ಊರಿನ ಗುರುತು ಇರುತ್ತದೆ. ಹಳೆಯ ಗ್ರೀಕ್, ರೋಮನ್ ಶಿಲ್ಪಗಳ ಮಾರ್ಬಲ್ ಯಾವ ಕ್ವಾರಿಯದೆಂದು ಅದರ ಇಂಗಾಲ, ಆಮ್ಲಜನಕದ ಐಸೋಟೋಪುಗಳಿಂದ, ಅಂದರೆ ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳಿಂದ, ಪತ್ತೆ ಮಾಡುತ್ತಾರೆ. ಪ್ರತಿ ಲೋಡಿಗೂ ಈ ಪರೀಕ್ಷೆ ಮಾಡಿಸೋದು ಆಗದ ಮಾತು, ಅಲ್ವಾ? ನಮಗೆ ಕಾಗದವೇ ಗತಿ: ಕ್ವಾರಿಯ ಸಾಗಣೆ ಪರವಾನಗಿ, ವೇಬ್ರಿಡ್ಜ್ ಚೀಟಿ, ತಯಾರಕರ ಪತ್ರ. ಕಟ್ಟಡ ಮುಗಿದ ಮೇಲೆ ಇವನ್ನು ಹುಡುಕಲು ಹೊರಟರೆ ಅರ್ಧವೂ ಸಿಗಲ್ಲ. ಲಾರಿ ಗೇಟಿಗೆ ಬಂದ ದಿನವೇ ಸ್ಟೋರ್‌ಕೀಪರ್ ಡ್ರೈವರನ್ನು ಕೇಳಿ, ಪರವಾನಗಿ ನೋಡಿ, ರಿಜಿಸ್ಟರಿನಲ್ಲಿ ಬರೆದುಕೊಳ್ಳಬೇಕು: “ಯಾವ ಕ್ವಾರಿಯದಣ್ಣ ಇದು?”